ಅಕ್ಕನ ತಟ್ಟೆಯ ಹಸಿರು ಚುಕ್ಕೆಗಳು

ನಮ್ಮಕ್ಕ ವಿಜ್ಞಾನಿ. ಹಾಗೆಂದರೆ ಜನ ಕಣ್ಣರಳಿಸುತ್ತಾರೆ. ನನಗೆ ಮಾತ್ರ ಅವಳು, ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡೇ ಅದನ್ನು ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುವ ಹೆಂಗಸು. ಜೀವಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸುತ್ತವೆ, ಎದ್ದ ಉರಿಯೂತ ಆರುವುದು ಹೇಗೆ ಎಂದು ನೋಡುವುದೇ ಅವಳ ಕೆಲಸ. ಊಟಕ್ಕೆ ಕೂತರೂ ಅದೇ ಮಾತು.

"ಒಂದು ಕೋಶ ಬೊಬ್ಬೆ ಹೊಡೆಯುತ್ತೆ ಕಣೇ, ಬೀದಿಗೆ ಬೀದಿಯೇ ಎದ್ದು ಬರುತ್ತೆ. ಸಾಕು, ಮನೆಗೆ ಹೋಗಿ ಅನ್ನೋರೇ ಇರಲ್ಲ."

ಆ ಗಲಾಟೆಯೆಲ್ಲ ನನ್ನ ಬೆರಳುಗಳಲ್ಲೇ ನಡೆದಿತ್ತು. ನಾನು ಬಟ್ಟೆ ಹೊಲಿಯುವವಳು. ಗೆಣ್ಣುಗಳು ಊದಿಕೊಂಡು, ಸೂಜಿಗೆ ದಾರ ಪೋಣಿಸುವುದೂ ಹರಸಾಹಸವಾಗಿತ್ತು. ಅಂಗಡಿ ಮುಚ್ಚುತ್ತೇನೆ ಎಂದಾಗಲೆಲ್ಲ ಅಕ್ಕ, "ಸ್ವಲ್ಪ ತಾಳು" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ನನ್ನನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಪರದೆ ಎಳೆದ ಕೋಣೆ, ಜೋಗುಳದಂತೆ ಗುಂಯ್‌ಗುಡುವ ಫ್ರಿಜ್ಜು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಕತ್ತಲೊಳಗೆ ಹಸಿರು ಚುಕ್ಕೆಗಳು ದೂರದ ಊರಿನ ದೀಪಗಳ ಹಾಗೆ ಮಿನುಗುತ್ತಿದ್ದವು.

"ಹೊಳೀತಿರೋವೆಲ್ಲ ಸಿಟ್ಟಲ್ಲಿರೋವು" ಎಂದಳು ಅಕ್ಕ. ಆಮೇಲೆ ಔಷಧಿ ಹಾಕದ ಆ ಗಾಜಿನ ತಟ್ಟೆ ತೆಗೆದು, ತನ್ನ ಹೊಸ ಔಷಧಿ ಹಾಕಿದ ಇನ್ನೊಂದನ್ನು ಇಟ್ಟಳು. ಅಲ್ಲಿ ಬರೀ ಕತ್ತಲು. "ಮಲಗಿದಾವೆ" ಎಂದು ಪಿಸುಗುಟ್ಟಿದಳು.

ಹೊತ್ತು ಹೋದದ್ದೇ ತಿಳಿಯಲಿಲ್ಲ. ಆ ಕತ್ತಲಲ್ಲಿ ನನ್ನ ಬೆರಳುಗಳು ಹಗುರಾಗಿ ರೇಷ್ಮೆ ಬಟ್ಟೆಯ ಮೇಲೆ ಓಡಾಡಿದ ಹಾಗಾಯಿತು. ಎಷ್ಟೋ ದಿನ ಅದೇ ಗುಂಗಿನಲ್ಲಿ ತೇಲಿದೆ. ಅಂಗಡಿಗೆ ಹೊಸ ಬೋರ್ಡು ಬರೆಸುವ ಹುಚ್ಚೂ ಹತ್ತಿತು.

ಆಮೇಲೊಂದು ಸಂಜೆ ಅಕ್ಕ ಚಪ್ಪಲಿಯನ್ನೂ ಬಿಡದೆ ಬಂದು ಕೂತಳು. ಔಷಧಿ ಚೆನ್ನಾಗಿ ಕರಗಲೆಂದು ಅದನ್ನು ಬೆರೆಸುವ ದ್ರವವನ್ನು ಪ್ರತಿಸಲವೂ ಬೆಚ್ಚಗೆ ಮಾಡುತ್ತಿದ್ದಳಂತೆ. ಹೋಲಿಕೆಗೆಂದು ಇಟ್ಟ, ಔಷಧಿ ಇಲ್ಲದ ತಟ್ಟೆಗೆ ಮಾತ್ರ ಅದೇ ದ್ರವವನ್ನು ಫ್ರಿಜ್ಜಿನಿಂದ ತೆಗೆದು ಹಾಗೇ ಸುರಿಯುತ್ತಿದ್ದಳು. ಆ ತಣ್ಣನೆಯ ಪೆಟ್ಟಿಗೇ ಕೋಶಗಳು ರೇಗುತ್ತಿದ್ದವು. ಅನುಮಾನ ಬಂದು ಎರಡಕ್ಕೂ ಬೆಚ್ಚಗಿನದನ್ನೇ ಹಾಕಿ ನೋಡಿದರೆ, ಎರಡು ತಟ್ಟೆಗಳೂ ಒಂದೇ ಸಮ ಕತ್ತಲು.

"ಔಷಧಿ ಏನೂ ಮಾಡಿಲ್ಲ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾರಿಗೆ ಗೊತ್ತಾಗುತ್ತೆ? ಬಾಯ್ಮುಚ್ಕೊಂಡಿರು!"

"ಮೇಲಿನವರಿಗೆ ಆಗಲೇ ಹೇಳ್ಬಿಟ್ಟೆ ಕಣೇ. ಅವರಿಗೆ ಹೇಳೋದು ಸುಲಭವಾಗಿತ್ತು."

ಕಿಟಕಿಯ ಬೆಳಕು ನೆಲದಿಂದ ಜಾರಿ ಮೆಲ್ಲಗೆ ಗೋಡೆ ಹತ್ತಿತು. ಕೊನೆಗೆ ನಾನೇ ಕೇಳಿದೆ, "ಅಂಗಡಿ ಮುಚ್ಚಿಬಿಡ್ಲಾ ಅಕ್ಕಾ?"

ಅವಳು ನನ್ನ ಮುಖವನ್ನೇ ನೋಡಿದಳು. ಬೇಡ ಎನ್ನಲಿ ಎಂದು ನಾನು ಎಷ್ಟು ಹಂಬಲಿಸುತ್ತಿದ್ದೆನೆಂದು ಅವಳಿಗೆ ಗೊತ್ತಿತ್ತು.

"ಮುಚ್ಚಿಬಿಡು" ಎಂದಳು. ನನಗಿಂತ ಮೊದಲು ಅವಳೇ ಅತ್ತುಬಿಟ್ಟಳು.