ತೊಗರಿ ಎಲೆಯ ಎರಡನೆಯ ಗೆರೆ

ಹತ್ತಿ ಎಲೆ ಪರೀಕ್ಷಿಸಲು ಹಳ್ಳಿಗಳಿಗೆ ನಾನು ಒಬ್ಬನೇ ಹೋಗುತ್ತಿದ್ದೆ. ಚೀಲದಲ್ಲಿ ಪುಟ್ಟ ಪ್ಲಾಸ್ಟಿಕ್ ನಳಿಗೆಗಳು, ಒಂದು ಬಾಟಲಿ ದ್ರಾವಣ, ಕಾಗದದ ಪಟ್ಟಿಗಳು. ಎಲೆಯ ಚೂರನ್ನು ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಿದರೆ ಒಂದು ಗೆರೆ ಮೂಡುತ್ತದೆ; ಹುಳ ತಡೆಯುವ ಬಿಟಿ ಜೀನ್ ಸೇರಿಸಿದ ಗಿಡವಾದರೆ ಎರಡು.

ಹರ್ತಿಯ ಒಂದು ಹೊಲದಲ್ಲಿ ಬಿಟಿ ಹತ್ತಿಯ ನಡುವೆ ತೊಗರಿ ಸಾಲುಗಳಿದ್ದವು. ಹೊಲದೊಡತಿ ನನಗಿಂತ ಹಿರಿಯಳು. ಆ ತೊಗರಿ ಬೀಜ ಮದುವೆಯಲ್ಲಿ ಕೊರ್ಲಹಳ್ಳಿಯ ತವರಿನಿಂದ ಅವಳ ಉಡಿಯಲ್ಲಿ ಬಂದದ್ದು. ತವರಿನವರು ಈಗ ಅದನ್ನು ಬಿತ್ತುತ್ತಿರಲಿಲ್ಲ; ಬಿತ್ತಿ ಉಳಿದ ಬೀಜ ಇವಳ ಮನೆಯ ಗಡಿಗೆಯಲ್ಲಷ್ಟೇ ಇತ್ತು. ಒಬ್ಬಳೇ ಮಗಳ ಮದುವೆ ಮುಂದಿನ ಮಾಘದಲ್ಲಿ. ಅವಳ ಉಡಿಗೂ ಅದೇ ಬೀಜ ಹಾಕಬೇಕು.

“ಬರೇ ಹತ್ತಿ ನೋಡ್ತೀರೇನ್ರಿ ಸಾಹೇಬ್ರ? ನನ್ನ ತೊಗರಿ ಏನ್ ಪಾಪ ಮಾಡೇತಿ?”

ನಕ್ಕು ತೊಗರಿಯ ನಾಲ್ಕೈದು ಎಲೆಗಳನ್ನೂ ಕಿತ್ತು ಒಂದನ್ನು ಅರೆದೆ. ಎರಡು ಗೆರೆ ಬಂದವು.

ನಮ್ಮ ಹೊಲಗಳಲ್ಲಿ ಅಂಥ ತೊಗರಿ ಇಲ್ಲ, ಹತ್ತಿಯ ಪರಾಗ ತೊಗರಿಗೆ ಕೂಡುವುದೂ ಇಲ್ಲ. ಇಷ್ಟನ್ನು ವಿಶ್ವವಿದ್ಯಾಲಯದಲ್ಲಿ ಓದಿದವನು ನಾನು. ಎಲ್ಲವನ್ನೂ ಅನುಮಾನಿಸುವವನು ಅಂದು ಹತ್ತಿ ಎಲೆಯ ರಸ ಮೆತ್ತಿದ್ದ ನನ್ನ ಬೆರಳುಗಳನ್ನು ಮಾತ್ರ ಅನುಮಾನಿಸಲಿಲ್ಲ. “ಇದರಾಗೂ ಬಂದೈತಿ ನೋಡ್ರಿ” ಎಂದೆ. “ತಡೀರಿ ಯಕ್ಕಾ, ಮತ್ತೊಮ್ಮೆ ನೋಡಿ ಹೇಳ್ತೀನಿ” ಎಂದೂ ಅಂದೆ. ಅಂದೆನೆಂದು ನನ್ನ ನೆನಪು.

ಗದಗಿನ ಕೋಣೆಯಲ್ಲಿ ಕೈ ತೊಳೆದು, ಉಳಿದ ತೊಗರಿ ಎಲೆಗಳನ್ನೂ ತೊಳೆದು ಮತ್ತೆ ಅರೆದೆ. ಒಂದೇ ಗೆರೆ. ಮೂರು ಸಲವೂ ಒಂದೇ. ಅವಳ ಫೋನ್ ನಂಬರ್ ಕೇಳಿರಲಿಲ್ಲ. ಲಕ್ಷ್ಮೇಶ್ವರದ ಕಡೆ ಕೆಲಸವಿತ್ತು. ಹರ್ತಿಗೆ ಹೋದದ್ದು ನಾಲ್ಕು ದಿನದ ಮೇಲೆ.

ಸಾಲುಗಳಿದ್ದಲ್ಲಿ ಬರೀ ಮಣ್ಣು. ಕಿತ್ತ ತೊಗರಿ ಬದುವಿನ ಮೇಲೆ ಬಾಡಿತ್ತು. ಬೇರಿನ ಒಂದು ಗಂಟನ್ನು ಉಗುರಿನಿಂದ ಸೀಳಿದೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಗಂಟು, ಬದುಕಿದ್ದಾಗ ಒಳಗೆ ನಸುಗೆಂಪಾಗಿರುತ್ತದೆ. ಇದು ಕಂದಿತ್ತು.

“ಗಡಿಗ್ಯಾಗಿನ ಬೀಜ?” ಎಂದು ಹೊಲದಲ್ಲಿದ್ದ ಅವಳನ್ನು ಕೇಳಿದೆ.

“ಬ್ಯಾಳಿ ಒಡಿಸೇನ್ರಿ. ಬೆರಕಿ ಬೀಜ ಮಗಳ ಉಡ್ಯಾಗ ಹ್ಯಾಂಗ ಹಾಕ್ಲಿ?”

ತಪ್ಪು ನನ್ನ ಕೈಯದು, ಬೀಜ ಶುದ್ಧವಿತ್ತು ಎಂದು ಹೇಳಿದೆ. ಅವಳು ಬಾಡಿದ ಒಂದು ಗಿಡವನ್ನು ಎತ್ತಿ ನೋಡಿ ಮತ್ತೆ ಬದುವಿನ ಮೇಲಿಟ್ಟಳು.

“ತಡೀರಿ ಅಂದಿದ್ನಲ್ಲ ಯಕ್ಕಾ?”

“ಇಲ್ರಿ. ಹಂಗ ಅನ್ನಲಿಲ್ಲ ನೀವು.”

ದನಿಯಲ್ಲಿ ಸಿಟ್ಟಿರಲಿಲ್ಲ. ಅಂದು ಆ ಹೊಲದಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಈಗಲೂ ಕೋಣೆಯಲ್ಲಿ ಒಬ್ಬನೇ ಕೂತು ಆ ಮಾತನ್ನು ಜೋರಾಗಿ ಅಂದು ನೋಡುತ್ತೇನೆ, ನಾಲಿಗೆಗೆ ಅದರ ಗುರುತಿದೆಯೇ ಎಂದು. ಮತ್ತೆ ಮತ್ತೆ ಅಂದು ಈಗ ಗುರುತಾಗಿಬಿಟ್ಟಿದೆ; ಅದರಿಂದ ಏನೂ ತಿಳಿಯುವುದಿಲ್ಲ.

ಹೊರಡುವಾಗ ಬದುವಿನ ಕೊನೆಯ ಜಾಲಿಯ ಮಗ್ಗುಲಲ್ಲಿ ಕೀಳದೆ ಉಳಿದ ಒಂದು ತೊಗರಿ ಗಿಡ ಕಂಡು ಅವಳನ್ನು ಕೂಗಿದೆ. ಅವಳು ಬಂದವಳೇ ಕುಕ್ಕರಗಾಲಲ್ಲಿ ಕೂತು ಬುಡಕ್ಕೆ ಮಣ್ಣು ಏರಿಸತೊಡಗಿದಳು.

“ಒಂದ ಬೊಗಸಿ ಕಾಳು ಬಂದ್ರ ಸಾಕು, ಉಡಿಗೆ ಆತು.”

ನಾನು ಅಭ್ಯಾಸಬಲದಿಂದ ಎಲೆಯತ್ತ ಕೈ ಚಾಚಿದೆ.

“ಸಾಹೇಬ್ರ, ಕೈ ಹಿಂದಕ ತಗೋರಿ. ಇದು ಯಾರ ಮನಿ ತೊಗರಿ ಅಂತ ನನಗ ಗೊತ್ತೈತಿ.”

ಅವಳು ಮಣ್ಣು ಏರಿಸಿ ಮುಗಿಸುವವರೆಗೂ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.