ಬಾಸ್‌ವರ್ತ್ ಕಾಳಗದಲ್ಲಿ ನಾನು ಆಡದ ಮಾತು

ಜಯರಾಮ, ಆ ಮಾತು ನನಗೆ ಮರೆತುಹೋಗಿರಲಿಲ್ಲ. ಆರು ವರ್ಷಗಳಿಂದ ನಿನಗೆ ಸುಳ್ಳು ಹೇಳಿಕೊಂಡು ಬಂದಿದ್ದೇನೆ — ಅಂದು ಬೇಕೆಂದೇ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಇಂಗ್ಲೆಂಡಿನಲ್ಲಿ ಕಾರು ನಿಲ್ಲಿಸುವ ಜಾಗದಡಿ ಹಳೆಯ ರಾಜನೊಬ್ಬನ ಎಲುಬು ಸಿಕ್ಕಿತೆಂದು ಪೇಪರಿನಲ್ಲಿ ಓದಿದ್ದೇ ತಡ, ನಿನ್ನ ತಲೆಗೆ ಹುಳ ಹೊಕ್ಕಿತು. ಕೊಲ್ಲಿನಾಡಿನ ಈ ಗುದೈಬಿಯಾದಲ್ಲಿ ನಮಗೆ ಕಾರು ನಿಲ್ಲಿಸಲೇ ಜಾಗವಿಲ್ಲ, ನಿನಗೆ ಅದರಡಿಯ ರಾಜನ ಚಿಂತೆ! ಒಂದೇ ವಂಶದ ಎರಡು ಕವಲುಗಳು ಮೂವತ್ತು ವರ್ಷ ಹೊಡೆದಾಡಿ, ಕೊನೆಗೆ ಬಾಸ್‌ವರ್ತ್ ಬಯಲಿನಲ್ಲಿ ಈ ರಾಜ ಬಿದ್ದನಂತೆ. "ನಮ್ಮ ಕುರುಕ್ಷೇತ್ರವೇ ಅಲ್ವಾ ಮಾರಾಯ" ಎಂದು ನೀನು ತಾಳಮದ್ದಳೆಯ ಪ್ರಸಂಗ ಬರೆದೇಬಿಟ್ಟೆ. ನೀನು ರಾಜ. ನಾನು, ಯಾರ ಕಡೆ ಸೇರಲಿ ಎಂದು ಸೈನ್ಯದೊಡನೆ ಪಕ್ಕದಲ್ಲಿ ಕಾಯುತ್ತ ನಿಂತ ಸರದಾರ. ನನ್ನ ಮಗ ನಿನ್ನ ಸೆರೆಯಲ್ಲಿ. "ನೀನು ಬರದಿದ್ದರೆ ಅವನ ತಲೆ ಉರುಳೀತು" ಎಂದು ನೀನು, "ನನಗೆ ಬೇರೆ ಮಕ್ಕಳೂ ಇದ್ದಾರೆ" ಎಂದು ನಾನು. ಆ ಮಾತನ್ನು ಹಿಡಿದು ನೀನು ರಾಜನ ಕೊನೆಯ ಮಾತು, ಕೊನೆಯ ಅರ್ಥ ಹೇಳಿ ಯುದ್ಧಕ್ಕೆ ನುಗ್ಗಬೇಕು.

ಆ ಒಂದು ವಾಕ್ಯದ ಅಭ್ಯಾಸಕ್ಕೆ ನನ್ನ ರಜೆಯ ಎಷ್ಟು ಶುಕ್ರವಾರಗಳನ್ನು ತಿಂದೆ! ತಾಳಮದ್ದಳೆಯಲ್ಲಿ ಮಾತು ಕೂತಲ್ಲೇ ಹುಟ್ಟಬೇಕು, ಅದನ್ನು ಬಾಯಿಪಾಠ ಮಾಡಿಸುವುದುಂಟೆ? ಕಾರಣ ಗೊತ್ತಿತ್ತು ನನಗೆ. ನಲವತ್ತು ವರ್ಷ ಅರ್ಥ ಹೇಳಿದ ನಿನ್ನ ಅಪ್ಪ ವಿಸಿಟ್ ವೀಸಾದಲ್ಲಿ ಬಂದಿದ್ದರು. ಒಮ್ಮೆಯೂ ನಿನ್ನನ್ನು ಹೊಗಳಿದವರಲ್ಲ. ಗೊತ್ತಿದ್ದೂ —

ಅಂದು ಪಕ್ಕದ ಹೂರಾದ ಸಭಾಂಗಣದಲ್ಲಿ, ಎಲ್ಲರೆದುರು, ನೀನು ನನಗೆ "ಮರೀಬೇಡ ಆಯ್ತಾ? ನಿಂದು ಒಂದೇ ವಾಕ್ಯ ಉಂಟಲ್ಲ" ಎಂದೆ. ಸುತ್ತಲಿದ್ದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಪ್ರಸಂಗದಲ್ಲಿ ಆ ಘಟ್ಟ ಬಂದಾಗ, ಮಗನ ತಲೆ ಉರುಳೀತು, ಬರುತ್ತೀಯೋ ಇಲ್ಲವೋ ಎಂದು ನೀನು ಕೇಳಿದೆ. ನಾನು ಮದ್ದಳೆಯನ್ನು ನೋಡುತ್ತ ಕೂತೆ. ಮತ್ತೆ ಕೇಳಿದೆ. ಮೂರನೆಯ ಸಲ ನಿನ್ನ ದನಿ ನಡುಗಿತು. ಸಭೆ ಚಪ್ಪಾಳೆ ತಟ್ಟಿತು — ಮೌನವೇ ಉತ್ತರವಂತೆ, ಎಂಥ ಕಲ್ಪನೆಯಂತೆ! ನೀನು ತಡವರಿಸಿದೆ. ಕಾದು ಸಾಕಾಗಿ ಭಾಗವತರು ಮುಂದಿನ ಪದ್ಯ ಎತ್ತಿಕೊಂಡರು. ರಾಜ ಕೊನೆಯ ಮಾತನ್ನೂ ಆಡದೆ ಸತ್ತ.

"ಎದುರಿನವ ಸುಮ್ಮನೆ ಕೂತ್ರೆ ಅದ್ರಲ್ಲೇ ಅರ್ಥ ಹುಟ್ಟಿಸ್ಬೇಕು," ಎಂದರು ನಿನ್ನ ಅಪ್ಪ, ಕೂಟ ಮುಗಿದ ಮೇಲೆ. "ನಿನ್ನ ತಮ್ಮ ಆಗಿದ್ರೆ ಬಿಡ್ತಿರ್ಲಿಲ್ಲ." ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದ ನಾನು "ಮರೆತೇ ಹೋಯ್ತು ಮಾರಾಯ" ಎಂದೆ. ನೀನು ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿದೆ. ನನಗೆ! ಆಮೇಲೆ ನೀನು ಅರ್ಥ ಹೇಳಲು ಕೂರಲೇ ಇಲ್ಲ. ಆ ಮೌನಕ್ಕೆಂದು ಸಂಘದವರು ಹೊದಿಸಿದ ಶಾಲನ್ನೂ ನಾನು ತಲೆ ಬಗ್ಗಿಸಿ ಹೊದ್ದುಕೊಂಡೆ.

ಮೊನ್ನೆ ಊರಿನಿಂದ ನಿನ್ನ ಸಂದೇಶ: ಅಪ್ಪ ಹೋದರು. "ಅವರೆದುರು ಒಂದು ಅರ್ಥ ಸರಿ ಹೇಳ್ಲಿಕ್ಕೆ ಆಗ್ಲಿಲ್ಲ ನಂಗೆ." ಉತ್ತರವಾಗಿ ನಾನು ಕೈ ಮುಗಿದ ಚಿತ್ರವೊಂದನ್ನು ಕಳಿಸಿದೆ. ಥೂ! ಆಗಲೂ ಬಾಯಿ ಬಿಡಲಿಲ್ಲ. ಆರು ವರ್ಷ ಅವರು ಬದುಕಿದ್ದರು, ಒಂದು ಫೋನು ಸಾಕಿತ್ತು.

ಉತ್ತರಕ್ರಿಯೆ ಮುಗಿಸಿ ಬಾ. ನಿನ್ನ ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ಹೇಳುತ್ತೇನೆ. ಈ ಸಲ ನೀನು ಮೂರು ಸಲ ಕೇಳಬೇಕಾಗಿಲ್ಲ.