ಎಡಗೈ ಎತ್ತದ ಒಂಬತ್ತು ದಿನ

ಗುರುವಾರ ಬೆಳಿಗ್ಗೆ ಸ್ನಾನ ಮಾಡುವಾಗ ಎಡ ಕಂಕುಳಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಅಡಿಕೆಯಷ್ಟು ದಪ್ಪ, ಒತ್ತಿದರೆ ನೋವು. ದಿನಚರಿಯಲ್ಲಿ ಬರೆದುಕೊಂಡೆ. ಬರೆದ ಮೇಲೆ ಪುಸ್ತಕವನ್ನು ಅಕ್ಕಿ ಮಡಕೆಯ ಹಿಂದೆ ಬಚ್ಚಿಟ್ಟೆ. ಅದುವರೆಗೆ ನನ್ನ ದಿನಚರಿಯಲ್ಲಿ ಬಚ್ಚಿಡುವಂಥದ್ದು ಏನೂ ಇರಲಿಲ್ಲ. ಆಯಾ ದಿನ ಬೀಟೆ ಮರದಲ್ಲಿ ಎಷ್ಟು ದಂತದ ಚೂರು ಕೂರಿಸಿದೆ, ದಾರಿಯಲ್ಲಿ ಎಷ್ಟು ಸತ್ತ ಇಲಿ ಕಂಡೆ, ಇಷ್ಟೇ.

ಮೈಸೂರಿಗೆ ಪ್ಲೇಗು ಮತ್ತೆ ಬಂದಿದ್ದ ವರ್ಷ ಅದು. ನನಗೆ ಹತ್ತೊಂಬತ್ತು, ಬೀಟೆ ಮರದಲ್ಲಿ ದಂತ ಕೂರಿಸುವ ಕುಸುರಿ ಕೆಲಸ. ಅಗ್ರಹಾರದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ನಾನು, ಹೆರಿಗೆಗೆಂದು ಬಂದಿದ್ದ ಅಕ್ಕ. ಆ ಗುರುವಾರಕ್ಕೆ ಅಕ್ಕನ ಮಗುವಿಗೆ ಆರನೆಯ ದಿನ.

ಗಡ್ಡೆ ಸಿಕ್ಕಿದ ಮನೆಗೆ ಏನಾಗುತ್ತದೆಂದು ಎದುರು ಮನೆಯಲ್ಲಿ ನೋಡಿದ್ದೆ. ಅಲ್ಲಿನ ಮುದುಕರ ತೊಡೆಸಂದಿಯಲ್ಲಿ ಗಡ್ಡೆ ಕಂಡ ದಿನವೇ ಇಡೀ ಮನೆಯವರನ್ನು ಗಾಡಿಗೆ ಹತ್ತಿಸಿ ಬೋಗಾದಿ ಕಡೆಯ ಬಯಲಿಗೆ ಕಳಿಸಿದರು. ಅಲ್ಲಿ ತಟ್ಟಿ ಕಟ್ಟಿದ ಗುಡಿಸಲು, ಗಾಳಿಗೆ ಅಡ್ಡಿಯಿಲ್ಲ. ಮನೆಯೊಳಗೆ ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು. ಆರು ದಿನದ ಮಗುವನ್ನು ಆ ಚಳಿಯಲ್ಲಿ ಹೇಗೆ ಇಡುವುದು? ಹೇಳಿದರೆ ಮಗು ಬಯಲಿಗೆ ಹೋಗುತ್ತದೆ. ಹೇಳದೆ ಇದ್ದು ಅದು ಪ್ಲೇಗೇ ಆಗಿದ್ದರೆ, ಮಗುವಿರುವ ಮನೆಯಲ್ಲಿ ನಾನು ಅದನ್ನು ಇಟ್ಟುಕೊಂಡಿದ್ದೇನೆ. ಈ ಎರಡರ ನಡುವೆ ಬೇರೆ ದಾರಿ ನನಗೆ ಕಾಣಲಿಲ್ಲ.

ಸೆಕೆ ಎಂದು ಸುಳ್ಳು ಹೇಳಿ ಹಾಸಿಗೆಯನ್ನು ಹಿತ್ತಲಿನ ಸೌದೆ ಕೊಟ್ಟಿಗೆಗೆ ಸಾಗಿಸಿದೆ. "ಈ ಚಳೀಲಿ ಸೆಕೆ ಎಲ್ಲಿಂದ ಬಂತೋ?" ಎಂದಳು ಅಮ್ಮ. ನಾನು ಕೇಳಿಸದವನಂತೆ ಹೋದೆ.

ಕೆಲಸದ ಜಾಗದಲ್ಲಿ ಮೇಸ್ತ್ರಿಯನ್ನು ಕೇಳಿದೆ. "ಕಂಕುಳಲ್ಲಿ ಗಂಟು ಯಾಕೆ ಬರುತ್ತೆ ಮೇಸ್ತ್ರಿ?"

"ಯಾರಿಗೆ?"

"ನನ್ನ ಸ್ನೇಹಿತನೊಬ್ಬನಿಗೆ."

"ಉಷ್ಣಕ್ಕೆ ಬರುತ್ತೆ. ಕೂದಲ ಬುಡದಲ್ಲಿ ಕುರು ಎದ್ರೂ ಬರುತ್ತೆ. ಪ್ಲೇಗಿನ ಸೂಜಿ ಚುಚ್ಚಿಸ್ಕೊಂಡ್ರೂ ಬರುತ್ತೆ."

"ಅವನು ಚುಚ್ಚಿಸ್ಕೊಂಡಿಲ್ಲ."

"ಹಾಗಾದ್ರೆ ನಿನ್ನ ಸ್ನೇಹಿತ ಈ ಕಡೆ ತಲೆ ಹಾಕದಂಗೆ ನೋಡ್ಕೊ ಕಣಪ್ಪ."

ಕೂತಿದ್ದವರೆಲ್ಲ ನಕ್ಕರು. ಎಡಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಾನೂ ನಕ್ಕೆ. ಮೇಸ್ತ್ರಿ ಹೇಳಿದ ಮೂರು ಕಾರಣಗಳನ್ನು ಬರೆದುಕೊಂಡು, ಕನ್ನಡಿ ಹಿಡಿದು ನೋಡಿ, ಕುರು ಕಾಣದ್ದರಿಂದ ಆ ಸಾಲನ್ನು ಹೊಡೆದುಹಾಕಿದೆ. ಸೂಜಿಯನ್ನೂ ಹೊಡೆದುಹಾಕಿದೆ. ಉಷ್ಣವೊಂದು ಉಳಿಯಿತು. ಎರಡು ದಿನ ಮಜ್ಜಿಗೆ ಕುಡಿದೆ.

ಹತ್ತು ದಿನಕ್ಕೊಮ್ಮೆ ಡಾಕ್ಟರು ಓಣಿಗೆ ಬರುತ್ತಿದ್ದರು. ಗಂಡಸರು ಜಗುಲಿಯ ಮುಂದೆ ಸಾಲಾಗಿ ನಿಂತು ಎರಡು ಕೈಯನ್ನೂ ಎತ್ತಬೇಕು. ಆ ಪರೀಕ್ಷೆಗಾಗಿ ಬಚ್ಚಲ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕತೊಡಗಿದೆ. ನೋವಿಗೆ ಮುಖ ಕಿವುಚದೆ ಎಡಗೈ ಎಲ್ಲಿಯವರೆಗೆ ಏರುತ್ತದೋ ಅಲ್ಲಿಗೆ ಒಂದು ಗೆರೆ. ಮೊದಲ ದಿನದ್ದು ಹಣೆಯ ಮಟ್ಟಕ್ಕೆ ಇತ್ತು. ನಾಲ್ಕನೆಯ ದಿನದ್ದು ಗಲ್ಲದ ಮಟ್ಟಕ್ಕೆ, ಏಳನೆಯ ದಿನದ್ದು ಹೆಗಲ ಮಟ್ಟಕ್ಕೆ ಇಳಿಯಿತು. ಸಂಜೆಯ ಹೊತ್ತಿಗೆ ಮೈ ಸ್ವಲ್ಪ ಬೆಚ್ಚಗಾಗುತ್ತಿತ್ತು.

ಬಾಣಂತಿ ಕೋಣೆಯಿಂದ ಅಕ್ಕ ದಿನಾ ಕೂಗುತ್ತಿದ್ದಳು. "ಬಂದು ಎತ್ಕೊಳೋ ಸೋದರಮಾವ!" ನಾನು ಬಾಗಿಲಲ್ಲೇ ನಿಂತು ಏನಾದರೂ ನೆಪ ಹೇಳುತ್ತಿದ್ದೆ. ಏಳನೆಯ ದಿನ ಅವಳ ದನಿ ಗಡುಸಾಯಿತು. "ಹೆಣ್ಣು ಅಂತ ಮುಟ್ಟಲ್ವೇನೋ? ನಮ್ಮತ್ತೆ ಮೂತಿ ತಿರುಗಿಸಿದ್ದು ಸಾಲದು ಅಂತ ನೀನೂ ಶುರು ಮಾಡ್ಬುಟ್ಟೆಯಾ?" ಅಲ್ಲ ಎಂದೆ. ಮತ್ತೆ ಯಾಕೆ ಎಂದಾಗ ಕೊಟ್ಟಿಗೆಯ ಕಡೆ ಹೊರಟೆ. ಮಾರನೆಯ ದಿನ ಅವಳು ಕರೆಯಲಿಲ್ಲ.

ಒಂಬತ್ತನೆಯ ದಿನ ಶುಕ್ರವಾರ ಡಾಕ್ಟರು ಬಂದರು. ಬಲಗೈ ಎತ್ತಿದೆ. ಎಡಗೈ ಹೆಗಲಿನಿಂದ ಮೇಲೇಳಲಿಲ್ಲ. ಅವರೇ ಹಿಡಿದು ಎತ್ತಿದರು. ನಾನು ಕೂಗಿಕೊಂಡೆ. ಪಕ್ಕದ ಮನೆಯವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಬಾಗಿಲಲ್ಲಿದ್ದ ಅಮ್ಮ ಅಕ್ಕನ ಕೋಣೆಯ ಕಡೆ ಓಡಿದಳು.

"ಎಷ್ಟು ದಿನ ಆಯಿತು?"

"ಇವತ್ತಿಗೆ ಒಂಬತ್ತು."

"ಸುಳ್ಳು ಹೇಳಬೇಡ. ಪ್ಲೇಗಿನ ಗಡ್ಡೆ ಎದ್ದವನಿಗೆ ಜ್ವರ ನೆತ್ತಿಗೇರಿರುತ್ತೆ. ಒಂಬತ್ತು ದಿನ ಹೀಗೆ ಓಡಾಡಿಕೊಂಡಿರೋದಕ್ಕಾಗಲ್ಲ."

ನಾನು ಒಳಗೆ ಹೋಗಿ ದಿನಚರಿ ತಂದುಕೊಟ್ಟೆ. ಅವರು ನಿಂತಲ್ಲೇ ಹಾಳೆ ತಿರುವಿದರು.

"ಇದೇನು, ನಲವತ್ತು, ನಲವತ್ತೆರಡು?"

"ದಿನಕ್ಕೆ ಕೂರಿಸಿದ ದಂತದ ಚೂರು."

"ಸೋಮವಾರ ನಲವತ್ತೊಂದು. ಮಂಗಳವಾರ ಇಪ್ಪತ್ತಾರು. ಬುಧವಾರ ಹತ್ತೊಂಬತ್ತು. ಗಂಟು ಕಂಡಿದ್ದು ಗುರುವಾರ. ಅದಕ್ಕೂ ಮುಂಚೆನೇ ನಿನ್ನ ಕೈ ಯಾಕೆ ನಿಧಾನ ಆಯಿತು?"

ಇಲಿ ಸತ್ತು ಬೀಳುತ್ತಿದ್ದ ಭಯಕ್ಕೆ ಎಂದುಕೊಂಡಿದ್ದೆ. ಅವರು ನನ್ನ ಎಡಗೈಯನ್ನು ಬಿಸಿಲಿಗೆ ಹಿಡಿದು ಹೆಬ್ಬೆರಳನ್ನು ಒತ್ತಿದರು. ಪ್ರಾಣ ಹೋದಂತಾಯಿತು.

ಸೋಮವಾರ ಅಲ್ಲಿ ಬೀಟೆಯ ಸಿಬಿರು ಹೊಕ್ಕಿತ್ತು. ನಮ್ಮ ಕೆಲಸದಲ್ಲಿ ಸಿಬಿರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹೊರಗೆ ಕಂಡಷ್ಟನ್ನು ಕಿತ್ತು, ಗಾಯಕ್ಕೆ ಮರ ಅಂಟಿಸುವ ಬಿಸಿ ಅಂಟು ಸವರಿ, ಮೇಲೆ ಮರದ ಪುಡಿ ಒತ್ತಿ ಕೆಲಸಕ್ಕೆ ಕೂರುವುದು ಮೇಸ್ತ್ರಿಗಳಿಂದ ಕಲಿತ ಪದ್ಧತಿ. ನೋಯತೊಡಗಿದ ಮೇಲೂ ನಾನು ದಿನಾ ಹೊಸ ಅಂಟು ಹಚ್ಚುತ್ತಲೇ ಇದ್ದೆ. ಇಲಿಗಳನ್ನು ಎಣಿಸಿದವನು ಅದನ್ನು ಬರೆದಿರಲಿಲ್ಲ.

ಡಾಕ್ಟರು ಅಂಟಿನ ಆ ಕರಿ ಪದರವನ್ನು ಚಾಕುವಿನಿಂದ ಸೀಳಿದರು. ಕೀವಿನ ಜೊತೆ ಜೀರಿಗೆಯಷ್ಟು ಉದ್ದದ ಮರದ ತುಣುಕು ಬಂತು. "ಬೆರಳಿನ ಕೀವಿಗೆ ಕಂಕುಳು ಊದಿದೆ. ಆದರೂ ಮೂರು ದಿನ ನೀನು, ಇದರಲ್ಲಿ ಬರೆದಿರೋ ಆ ಕೊಟ್ಟಿಗೆ ಬಿಟ್ಟು ಬರಕೂಡದು. ಸೋಮವಾರ ನೋಡ್ತೀನಿ. ಇಳಿದಿಲ್ಲ ಅಂದ್ರೆ ಎಲ್ಲರೂ ಗಾಡಿ ಹತ್ತಬೇಕು" ಎಂದು, ದಿನಚರಿಯನ್ನು ಜಗುಲಿಯ ಮೇಲಿಟ್ಟು ಮುಂದಿನ ಮನೆಗೆ ಹೋದರು.

ಸೋಮವಾರ ಬೆಳಿಗ್ಗೆ ಎಡಗೈ ಹಣೆಯ ಮಟ್ಟವನ್ನು ದಾಟಿತು. ಡಾಕ್ಟರು ಕಂಕುಳನ್ನು ಮುಟ್ಟಿ ನೋಡಿ, "ಗಾಡಿ ಬೇಡ" ಎಂದು ಹೋದರು.

ಅವರ ಹಿಂದೆಯೇ ಅಕ್ಕ ಮಗುವನ್ನೆತ್ತಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಬಂದಳು. ಅವಳ ಕಂಕುಳಲ್ಲಿ ನನ್ನ ದಿನಚರಿ ಇತ್ತು. ಅದರಲ್ಲಿ ಗಂಟು ಕಂಡ ಮೇಲಿನ ಎಂಟು ದಿನವೂ ಕೊನೆಯ ಸಾಲು ಒಂದೇ: ಮಗುವನ್ನು ಮುಟ್ಟಲಿಲ್ಲ.

"ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಬಯಲಿಗೆ ಹಾಕ್ತಿದ್ರು."

"ಅದು ಪ್ಲೇಗೇ ಆಗಿದ್ದಿದ್ರೆ?"

ಅದನ್ನು ಇವತ್ತಿಗೂ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಅವಳು ದಿನಚರಿಯನ್ನು ಸೌದೆಯ ಮೇಲಿಟ್ಟು, "ಕೈ ಚಾಚು" ಎಂದಳು. ಬಲಗೈ ಮುಂದೆ ಮಾಡಿದೆ.

"ಎರಡೂ ಕಣೋ. ಒಂದೇ ಕೈಲಿ ಮಗು ಹಿಡೀತಾರಾ?"